ಪಾಪಮ್ಮನವರ ಹೇಂಟೆ ಮತ್ತು ತಮ್ಮ ರಾಜಕುಮಾರಿ

‘ಮಿನುಗುರೆಕ್ಕೆ ರಾಜಕುಮಾರಿ’ ಎಂಬ ಮಕ್ಕಳ ಕಾರ್ಟೂನ್ ಚಿತ್ರವನ್ನು ತಯಾರಿಸಿ, ಕನ್ನಡಕ್ಕೆ ಡಬ್ ಮಾಡಿಸಿ, ಹಾಸನದವರೆಗೂ ತಲುಪಿಸಿದ ಮಾನ್ಯರೇ,

ಚನ್ನರಾಯಪಟ್ಟಣದಿಂದ ಸಹಾಯಮೇರಿ ಮಾಡುವ ವಂದನೆಗಳು. ಪ್ರಭುವಿನ ಶಾಂತಿ ತಮ್ಮೊಂದಿಗಿರಲಿ. ನಮ್ಮ ಮನೆಯಲ್ಲಿದ್ದುದನ್ನಂತೂ ತಮ್ಮ ಚಿತ್ರ ಆಗಲೇ ತೆಗೆದುಕೊಂಡು ಹೋಗಿದೆ.

ನಾನು ಬಾಗೂರಿನ ಶಾಲೆಯೊಂದರಲ್ಲಿ ಮೇಡಂ. ಭಾನುವಾರಗಳಲ್ಲಿ ನಮ್ಮ ಚರ್ಚಿನ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಸುತ್ತೇನೆ. ಬೇಸಿಗೆ ಶಿಬಿರದಲ್ಲಿ ತಮ್ಮ ಚಿತ್ರವನ್ನು ತೋರಿಸಬಹುದೇ ಎಂದು ನೋಡಿ ಬರಲು ಫಾದರ್ ನನ್ನನ್ನೇ ಕಳಿಸಿದರು. ಗುರುವಾರ ರಜೆಯಿತ್ತು. ಏಳು ವರ್ಷದ ಮಗಳು ನಿಸರ್ಗಳನ್ನು ಕರೆದುಕೊಂಡು ಹಾಸನಕ್ಕೆ ಹೋಗಿ, ಥಿಯೇಟರಿನ ಕತ್ತಲಲ್ಲಿ ನೋಟ್‌ಬುಕ್ ಹಿಡಿದು ಕುಳಿತೆ. ಮಾಟಗಾತಿ ಇದ್ದಳು, ಕೊನೆಗೆ ಸೋತಳು, ಮಂತ್ರಗಳು ಹನ್ನೊಂದು, ದೇವರನ್ನು ಯಾರೂ ಹೀಗಳೆಯಲಿಲ್ಲ. ‘ತೋರಿಸಬಹುದು’ ಎಂದು ಬರೆದುಕೊಂಡೆ. ಮಂತ್ರ ಎಣಿಸುತ್ತ ಕುಳಿತಿದ್ದ ನನ್ನಂಥ ಜಾಣೆಯನ್ನು ಏಮಾರಿಸಿದ್ದಕ್ಕೆ ತಮಗೆ ಅಭಿನಂದನೆ.

ತಮ್ಮ ರಾಜಕುಮಾರಿ ಊರಿನ ಪಂಜರಗಳನ್ನೆಲ್ಲ ತೆರೆದು ಹಕ್ಕಿಗಳನ್ನು ಹಾರಿಬಿಡುತ್ತಾಳೆ, ಅಡ್ಡ ಬಂದ ಅಜ್ಜಿಯನ್ನು ಕೆಸರಿಗೆ ಕೆಡವುತ್ತಾಳೆ, ‘ನನ್ನ ಮನಸ್ಸು ಹೇಳಿದ್ದೇ ಸರಿ’ ಎಂದು ಹಾಡುತ್ತಾಳೆ. ಆ ಅಜ್ಜಿಯೂ ಎದ್ದು ಜೊತೆಗೆ ಕುಣಿಯುತ್ತಾಳೆ. ಎಂಥ ಉದಾರ ಅಜ್ಜಿ, ಎಂಥ ಮೆತ್ತನೆಯ ಕೆಸರು.

ನಮ್ಮ ಪಕ್ಕದ ಮನೆಯ ಪಾಪಮ್ಮನವರನ್ನು ತಾವು ಬರೆದದ್ದಲ್ಲ. ನಾನು ಬಸ್ಸಿಳಿದು ಬರುವವರೆಗೆ ದಿನವೂ ನಿಸರ್ಗಳಿಗೆ ಉಣ್ಣಲಿಕ್ಕಿ ನೋಡಿಕೊಳ್ಳುವವರು ಅವರು. ಶುಕ್ರವಾರ ಅವರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನನ್ನ ಮಗಳು ಕೋಳಿಗೂಡಿನ ಬಾಗಿಲು ತೆಗೆದು, ಕಾವಿಗೆ ಕೂತಿದ್ದ ಹೇಂಟೆಯನ್ನೂ ಮಂಕರಿಯಿಂದ ಎಬ್ಬಿಸಿ ಬೀದಿಗೆ ಬಿಟ್ಟಳು. ತಮ್ಮ ಹಕ್ಕಿಗಳಂತೆ ಅವು ಮೋಡಕ್ಕೆ ಹಾರಲಿಲ್ಲ. ಬೀದಿನಾಯಿಗಳು ಎರಡು ಕೋಳಿಗಳನ್ನೂ ಆ ಹೇಂಟೆಯನ್ನೂ ಕಚ್ಚಿಕೊಂಡು ಹೋದವು.

ಕ್ಷಮೆ ಕೇಳು ಎಂದರೆ ಅವಳು ಕೆನ್ನೆ ಊದಿಸಿಕೊಂಡು, “ಯಾಕಮ್ಮ ಕೇಳ್ಬೇಕು? ನನ್ ಮನ್ಸು ಹೇಳ್ದಂಗೆ ಮಾಡ್ದೆ” ಎಂದಳು. ಹೊಡೆಯಲು ಎತ್ತಿದ ಕೈಯನ್ನು ನಾನೇ ಇಳಿಸಿಕೊಂಡೆ. ಶನಿವಾರ ಅವಳು ಆ ಮನೆಗೆ ಹೋಗದೆ ನಮ್ಮ ಜಗುಲಿಯ ಮೇಲೆ ಒಬ್ಬಳೇ ಕೂತಿದ್ದಳು. ಪಾಪಮ್ಮನವರು ಕಾಂಪೌಂಡಿನ ಮೇಲೆ ಇಟ್ಟುಹೋಗಿದ್ದ ಮುದ್ದೆಯ ತಟ್ಟೆ ನಾನು ಬರುವಷ್ಟರಲ್ಲಿ ಒಣಗಿತ್ತು.

ಭಾನುವಾರ ಚರ್ಚಿನ ಪೂಜೆಯಲ್ಲಿ ಕಾಣಿಕೆಯ ಹೊತ್ತಾಯಿತು. ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಮೊದಲು ಹೋಗಿ ಅವರೊಡನೆ ರಾಜಿಯಾಗು, ಕಾಣಿಕೆ ಆಮೇಲೆ ಎಂದು ನಾನೇ ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿಲ್ಲ. ಎದ್ದೆ, ಎಲ್ಲರೂ ನೋಡುತ್ತಿದ್ದಂತೆ ಮಗಳ ಕೈ ಹಿಡಿದು ಹೊರಬಂದು, ನೇರ ಪಾಪಮ್ಮನವರ ಮನೆಗೆ ಹೋದೆ.

ಅವರು ಹೇಂಟೆಯ ಹನ್ನೆರಡು ಮೊಟ್ಟೆಗಳನ್ನು ಎಸೆಯಲು ಮನಸ್ಸಾಗದೆ ಮಂಕರಿಯಲ್ಲೇ ಇಟ್ಟಿದ್ದರು. ನಿಸರ್ಗ ಒಂದನ್ನು ಮುಟ್ಟಿ, “ತಣ್ಣಗಿದೆ” ಎಂದಳು. ಮತ್ತೊಂದನ್ನು ಮುಟ್ಟಿದಳು. ಆಮೇಲೆ ಅವರ ಸೆರಗಿನಲ್ಲಿ ಮುಖ ಹುದುಗಿಸಿ, ಯಾರೂ ಹೇಳಿಕೊಡದೆಯೇ, “ತಪ್ಪಾಯ್ತು ಅಜ್ಜಿ” ಎಂದು ಬಿಕ್ಕಿದಳು.

“ಓಗ್ಲಿ ಬುಡವ್ವ, ಕೋಳಿ ಓದ್ರೆ ಇನ್ನೊಂದ್ ಬತ್ತದೆ. ನೀನು ಉಣ್ಣಾಕ್ ಬರ್ನಿಲ್ವಲ್ಲ, ಅದ್ನ ತಡಿಯಾಕಾಗ್ನಿಲ್ಲ ಕಣ” ಎಂದರು ಪಾಪಮ್ಮನವರು.

ಮಾನ್ಯರೇ, ತಮ್ಮ ಚಿತ್ರದಲ್ಲಿ ಮರುದಿನ ಬೆಳಗಾಗುವುದೇ ಇಲ್ಲ. ಆದ್ದರಿಂದ ನನ್ನ ವಿನಮ್ರ ಕೋರಿಕೆ: ಅಷ್ಟೊಂದು ಕಂಪ್ಯೂಟರುಗಳನ್ನು ಇಟ್ಟುಕೊಂಡಿರುವ ತಾವು ಅವುಗಳಲ್ಲೊಂದನ್ನು ಇಪ್ಪತ್ತೊಂದು ದಿನ ಈ ಹನ್ನೆರಡು ತಣ್ಣನೆಯ ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿ ಮರಿ ಮಾಡಿಸಿಕೊಡಬೇಕು. ಅದಾಗದಿದ್ದರೆ, ಹಾಡು ಮುಗಿದ ಮೇಲೆ ಅಜ್ಜಿಯ ಕೆಸರಿನ ಸೀರೆಯನ್ನು ತಮ್ಮ ರಾಜಕುಮಾರಿ ಕಲ್ಲಿನ ಮೇಲೆ ಕುಕ್ಕಿ ಒಗೆಯುವುದನ್ನು ಅರ್ಧ ಗಂಟೆ, ಹಿನ್ನೆಲೆ ಸಂಗೀತವಿಲ್ಲದೆ, ತೋರಿಸಬೇಕು. ಅಲ್ಲಿಯವರೆಗೆ ನಮ್ಮ ಶಿಬಿರದ ಮಕ್ಕಳು ಚಿತ್ರವಿಲ್ಲದೆ ಲಗೋರಿ ಆಡಿಕೊಂಡಿರುತ್ತಾರೆಂದು ಫಾದರ್‌ಗೆ ತಿಳಿಸಿದ್ದೇನೆ.

ತಮ್ಮ ಚಿತ್ರ ನೋಡಿಯೂ ಇನ್ನೂ ವಿಶ್ವಾಸಿಯಾಗಿಯೇ ಉಳಿದಿರುವ,
ಸಹಾಯಮೇರಿ

ಮರೆತ ಮಾತು: ಪಾಪಮ್ಮನವರಿಗೆ ತಮ್ಮ ಕಥೆಯನ್ನು ಪೂರ್ತಿ ಹೇಳಿದೆ. ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡು, “ಆ ಮಗೀಗೆ ಅವ್ವ ಇರ್ನಿಲ್ವಾ?” ಎಂದರು. ನೋಟ್‌ಬುಕ್ ತಿರುವಿ ನೋಡಿದೆ, ಹನ್ನೊಂದು ಮಂತ್ರಗಳ ಲೆಕ್ಕವಿತ್ತು, ಅವ್ವನ ಸುದ್ದಿ ಇರಲಿಲ್ಲ. ಚಿತ್ರದ ಕೊನೆಗೆ ಏಳು ನಿಮಿಷ ಹೆಸರುಗಳು ಬಂದವಲ್ಲ, ಅವರಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ.