ಸೀಮೆ ಬಿಡುವವರ ಟಿಕೆಟ್ ಕಿಟಕಿ

ಟಿಕೆಟ್ ಕಿಟಕಿಯ ಹಿಂದೆ ಕೂತವನಿಗೆ ಸೀಮೆ ಬಿಡುವವರ ಪ್ರಸಂಗಗಳು ವಾರಕ್ಕೊಂದಾದರೂ ತಪ್ಪುತ್ತಿರಲಿಲ್ಲ. ಡಾಕ್ಟರ ಹತ್ತಿರ ಬಾಯಿ ಬಿಡದವರೂ ಟಿಕೆಟ್ ಗುಮಾಸ್ತನ ಹತ್ತಿರ ಮನೆಯ ಕಥೆಯೆಲ್ಲ ಹೇಳಿಬಿಡುತ್ತಾರೆ. ನಡುವೆ ಕಬ್ಬಿಣದ ಸರಳು ಇರುತ್ತದಲ್ಲ, ಆ ಧೈರ್ಯ ಇರಬೇಕು.

ನಾನು ದೊಡ್ಡಬಳ್ಳಾಪುರದ ಸ್ಟೇಷನ್ನಿನಲ್ಲಿ ಗುಮಾಸ್ತನಾಗಿದ್ದದ್ದು ಯುದ್ಧದ ಕಾಲದಲ್ಲಿ. ಅಕ್ಕಿಗೂ ಕಾರ್ಡು, ಸೀಮೆಎಣ್ಣೆಗೂ ಕಾರ್ಡು. ಜಪಾನಿನವರು ಬಾಂಬು ಹಾಕುತ್ತಾರಂತೆ ಎಂದು ಬೆಂಗಳೂರಿನ ಜನ ನಮ್ಮೂರಿಗೆ ಬಂದು ಸೇರಿ, ಜಗಲಿಗಳಿಗೂ ಬಾಡಿಗೆ ಹುಟ್ಟಿತ್ತು. ಊರಿನವರಲ್ಲಿ ಕೆಲವರು "ಈ ಮೈಸೂರು ಸೀಮೆ ಸಹವಾಸ ಸಾಕಪ್ಪ" ಎಂದು ಗಡಿ ದಾಟಿ ಹಿಂದೂಪುರದ ಕಡೆ ಹೊರಡುತ್ತಿದ್ದರು. ಅಲ್ಲಿ ಮದರಾಸಿನವರ ಆಡಳಿತ, ಎಲ್ಲವೂ ಸೋವಿ ಎಂದು ಸುದ್ದಿ.

ಹೊರಡುವ ಕಾರಣ ನನಗೂ ಇತ್ತು. ಅಮ್ಮ, ಹೆಂಡತಿ, ಇಬ್ಬರು ಮಕ್ಕಳು, ನಾನು, ಇಷ್ಟು ಜನಕ್ಕೆ ಒಂದೂವರೆ ಕೋಣೆಯ ಬಾಡಿಗೆ ಮನೆ. ಅಡುಗೆಮನೆ ಮಾತ್ರ ಮಾಲೀಕರಿಗೂ ನಮಗೂ ಸೇರಿ ಒಂದೇ, ಅದಕ್ಕೆ ಬಾಗಿಲೂ ಇಲ್ಲ. ಮಾಲೀಕರ ತಾಯಿ ಬೆಳಗ್ಗೆ ಐದಕ್ಕೆ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತರೆ, ನನ್ನ ಹೆಂಡತಿ ಸಾರಿಗೆ ಉಪ್ಪು ಹಾಕುವ ಮುಂಚೆ ಅವರ ಮುಖ ನೋಡಬೇಕಾಗಿತ್ತು. ಮದುವೆಯಾಗಿ ಎಂಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ. "ಬಾಗಿಲಿರೋ ಒಂದು ಅಡುಗೆಮನೆ ಮಾಡ್ಕೊಡಿ. ಒಳಗಿಂದ ಚಿಲಕ ಇರ್ಬೇಕು."

ಗಡಿಯಾಚೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗುಮಾಸ್ತನಿಗೆ ಕ್ವಾರ್ಟರ್ಸು ಇದೆ ಎಂದು ಗೊತ್ತಾಗಿ, ಅಲ್ಲಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ಉತ್ತರ ಬರುವವರೆಗೆ ಬೇರೆಯವರು ಯಾಕೆ ಹೋಗುತ್ತಾರೆ, ಯಾಕೆ ಉಳಿಯುತ್ತಾರೆ ಎಂದು ನೋಡುತ್ತ ಕೂತೆ. ಈ ವಿಷಯದಲ್ಲಿ ನನ್ನಷ್ಟು ತಿಳಿದವನು ಇಡೀ ತಾಲ್ಲೂಕಿನಲ್ಲಿ ಇಲ್ಲ ಎನ್ನುವುದು ನನಗೆ ಖಾತ್ರಿಯಾಗಿತ್ತು.

ಅಪ್ಪ ಕೊಟ್ಟ ಒರಳು

ದೊಡ್ಡಬೆಳವಂಗಲದ ಕಡೆಯ ಒಬ್ಬ ಅಜ್ಜಿ ಎತ್ತಿನ ಗಾಡಿಯಲ್ಲಿ ಬಂದಿಳಿದು ಕಿಟಕಿಗೆ ಮುಖ ಕೊಟ್ಟರು. "ಮಗಳು ಹಿಂದೂಪುರದಾಗೆ ಅವಳೆ. ಅಲ್ಲಿ ಎಲ್ಲಾ ಸೋವಿಯಂತೆ. ಇಲ್ಲಿ ಒಂದು ಬೆಲೆ ಕೇಳಿದ್ರೆ ಎದೆ ಝಲ್ಲಂತದೆ. ಒಂದು ಟಿಕೇಟು ಕೊಡಪ್ಪ, ಇನ್ನು ಈ ಕಡೆ ತಲೆ ಹಾಕಿ ಮಲಗಲ್ಲ."

ಟಿಕೆಟ್ ಕೊಟ್ಟೆ. ನೋಡಿದರೆ ಹಿಂದೆ ಇಬ್ಬರು ಆಳುಗಳು ಗಾಡಿಯಿಂದ ಒಂದು ಒರಳುಕಲ್ಲು ಇಳಿಸಿ ಏದುಸಿರು ಬಿಡುತ್ತಿದ್ದಾರೆ.

"ಅಜ್ಜಿ, ಅದು ಲಗೇಜು. ತೂಕ ಹಾಕಿಸ್ಬೇಕು" ಎಂದೆ.

"ಲಗೇಜಲ್ಲ ಕಣಪ್ಪ, ಒರಳು."

"ಒರಳಿಗೂ ತೂಕ ಇರುತ್ತಲ್ಲಜ್ಜಿ."

"ನಲವತ್ತು ವರ್ಷದಿಂದ ಅದರ ಮುಂದೆ ಕೂತೋಳು ನಾನು. ಅದರ ತೂಕ ನಂಗೆ ಹೇಳ್ಕೊಡ್ತೀಯಾ? ನನ್ನ ಮದುವೇಲಿ ನಮ್ಮಪ್ಪ ಕೊಟ್ಟಿದ್ದು."

ತೂಕ ಹಾಕಿಸಿದೆವು. ಅದನ್ನು ಸಾಗಿಸುವ ದುಡ್ಡಿನಲ್ಲಿ ಹಿಂದೂಪುರದಲ್ಲಿ ಹೊಸ ಒರಳೇ ಬರುತ್ತದೆ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮಮ್ಮ ಹಳಬರಾದ್ರು ಅಂತ ಹೊಸಬ್ರನ್ನ ತರ್ತೀಯೇನಪ್ಪ?" ಎಂದು ಕೇಳಿ, ಟಿಕೆಟ್ ವಾಪಸ್ ಕೊಟ್ಟು, ಒರಳನ್ನು ಗಾಡಿಗೆ ಹತ್ತಿಸಿಕೊಂಡು ಊರಿಗೆ ಹೋದರು.

ಹದಿನೈದು ದಿನ ಕಳೆದು ಅದೇ ಗಾಡಿ ಸ್ಟೇಷನ್ನಿಗೆ ಬಂತು. ಈ ಸಲ ಅಜ್ಜಿ ಯಾರನ್ನೋ ಕರೆದುಕೊಂಡು ಹೋಗಲು ಬಂದಿದ್ದರು. ಹಿಂದೂಪುರದ ರೈಲಿನಿಂದ ಮಗಳು, ಅಳಿಯ, ನಾಲ್ಕು ಮಕ್ಕಳು, ಪಾತ್ರೆಯ ಮೂಟೆ ಎಲ್ಲ ಇಳಿದವು. "ಏನಮ್ಮಾ, ಇಲ್ಲೇ ಬಂದುಬಿಟ್ರಲ್ಲ" ಎಂದು ಕೇಳಿದೆ.

ಮಗಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು. "ಅಲ್ಲಿ ರುಬ್ಬೋಕೆ ದಿನಾ ಪಕ್ಕದ ಮನೆಗೆ ಹೋಗ್ಬೇಕಿತ್ತು ಸ್ವಾಮಿ. ಅಮ್ಮನ ಜೊತೆ ಕಲ್ಲು ಬರುತ್ತೆ ಅಂತ ಕಾದೆ. ಕಲ್ಲು ಬರಲಿಲ್ಲ, ಅದಕ್ಕೆ ನಾವೇ ಬಂದ್ವಿ."

ಬಾಂಬಿಗಿಂತ ಹತ್ತಿರ

ಬಾಂಬಿಗೆ ಹೆದರಿ ಬಂದವರಲ್ಲಿ ಒಬ್ಬರು ಪೆನ್ಷನ್ ಆದ ಅಧಿಕಾರಿ. ನಮ್ಮ ಬೀದಿಯಲ್ಲೇ ಒಂದು ಕೋಣೆ ಹಿಡಿದು, ಹಿತ್ತಲಲ್ಲಿ ಕಂದಕ ತೋಡಿಸಿದ್ದರು. ರೈಲು ಕೂಗಿದಾಗಲೆಲ್ಲ ಹೆಂಡತಿಯ ಕೈ ಹಿಡಿದುಕೊಂಡು ಅದರೊಳಗೆ ಇಳಿಯುತ್ತಿದ್ದರು. ಬಹಳ ಸುಖವಾಗಿದ್ದರು.

ಒಂದು ಬೆಳಗ್ಗೆ ಪಕ್ಕದ ಜಗಲಿಗೆ ಹೊಸ ಬಾಡಿಗೆಯವರು ಬಂದರು. ಅವರ ಯಜಮಾನ ಕೈಯಲ್ಲಿ ಖಾಲಿ ಲೋಟ ಹಿಡಿದು ಅಧಿಕಾರಿಗಳ ಬಾಗಿಲಿಗೆ ಬಂದು, "ಅರೆ, ನೀವೂ ಇಲ್ಲೇನಾ ಸಾರ್? ಒಳ್ಳೇದೇ ಆಯ್ತು. ಒಂದೆರಡು ಚಮಚ ಕಾಫಿಪುಡಿ ಇದ್ಯಾ?" ಎಂದ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಇವರ ಪಕ್ಕದ ಮನೆಯಲ್ಲಿದ್ದ ಮನುಷ್ಯನೇ ಅವನು.

ವಾರ ಕಳೆಯುವುದರೊಳಗೆ ಅಧಿಕಾರಿಗಳು ನನ್ನ ಕಿಟಕಿಗೆ ಬಂದು ಬೆಂಗಳೂರಿಗೆ ಎರಡು ಟಿಕೆಟ್ ಕೇಳಿದರು. "ಬಾಂಬಿನ ಭಯ ಹೋಯ್ತಾ ಸಾರ್?" ಎಂದೆ.

"ಬಾಂಬು ಬಿದ್ರೆ ಒಂದು ಸಲ ಬೀಳುತ್ತೆ. ಈತ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬರ್ತಾನೆ" ಎಂದರು.

ಎತ್ತು ಕೇಳುವ ಮಾತು

ಮಾಕಳಿದುರ್ಗದ ಬುಡದ ಹಳ್ಳಿಯ ಒಬ್ಬ ರೈತ ಅಣ್ಣನ ಜೊತೆ ಜಗಳವಾಡಿ, ಮೈಸೂರು ಸೀಮೆಯನ್ನೇ ಬಿಡುತ್ತೇನೆಂದು ಬಂದ. ಗಂಟು ಕಂಕುಳಲ್ಲಿತ್ತು. ಗುಂತಕಲ್ಲಿಗೆ ಟಿಕೆಟ್ ಕೊಂಡು ಬೆಂಚಿನ ಮೇಲೆ ಕೂತ. ಸೀಮೆ ಬಿಡುವವನು ಹಳಿಯ ಕಡೆ ನೋಡುತ್ತಾನೆ. ಇವನು ಊರಿನ ದಾರಿ ನೋಡುತ್ತಿದ್ದ. ಇವನು ಹೋಗುವ ಆಸಾಮಿಯಲ್ಲ ಎಂದು ನಾನು ಆಗಲೇ ತೀರ್ಮಾನಿಸಿದೆ.

ಮಧ್ಯಾಹ್ನದ ಹೊತ್ತಿಗೆ ಅಣ್ಣ ಬಂದ. ಬಾ ಎನ್ನಲಿಲ್ಲ, ಇರು ಎನ್ನಲಿಲ್ಲ. ತಮ್ಮನಿಂದ ಒಂದು ಮಾರು ದೂರ ನಿಂತು ಆಕಾಶಕ್ಕೆ ಹೇಳಿದ ಹಾಗೆ ಹೇಳಿದ. "ಕಪಿಲೆ ನಿಂತೋಯ್ತು. ಎತ್ತು ಹಿಂದಕ್ಕೆ ಸರೀತಾ ಇಲ್ಲ. ಏನಂತ ಕೂಗ್ತೀಯ ನೀನು? ಅದೊಂದು ಹೇಳ್ಬಿಟ್ಟು ಹೋಗು."

ಕಪಿಲೆ ಅಂದರೆ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕೆಲಸ. ಎತ್ತು ಇಳಿಜಾರಿನಲ್ಲಿ ಮುಂದೆ ನಡೆದು ಮತ್ತೆ ಹಿಂದೆ ಸರಿಯಬೇಕು. ಹೊಡೆಯುವವನು ರಾಗವಾಗಿ ಕೂಗಿದರೆ ಮಾತ್ರ ಅವು ಕೇಳುತ್ತವೆ. ತಮ್ಮ ಅತ್ತ ಮುಖ ತಿರುಗಿಸಿಕೊಂಡೇ ಒಂದು ಸಲ ಕೂಗಿ ತೋರಿಸಿದ. ಅಣ್ಣ ಕೂಗಿದ. ಪ್ಲಾಟ್‌ಫಾರಮ್ಮಿನ ನಾಯಿ ಎದ್ದು ಹೋಯಿತು.

"ಹಂಗಲ್ಲ. ಕೊನೇಲಿ ಎಳೀಬೇಕು" ಎಂದ ತಮ್ಮ.

ಅಣ್ಣ ಎಳೆದ. ತಮ್ಮ ಕಿವಿ ಮುಚ್ಚಿಕೊಂಡ. ನಾಲ್ಕನೆಯ ಸಲಕ್ಕೆ ಎದ್ದು ನಿಂತ. "ನೀನು ಹಿಂಗೆ ಕೂಗಿದ್ರೆ ಎತ್ತು ಬಾವಿಗೆ ಬಿದ್ದು ಸಾಯ್ತವೆ. ನಡಿ ಅತ್ಲಾಗೆ. ನಾನು ಬರ್ತಾ ಇರೋದು ಎತ್ತಿಗೋಸ್ಕರ, ನಿಂಗಲ್ಲ."

"ಟಿಕೆಟ್ ವಾಪಸ್ ಕೊಡಯ್ಯಾ" ಎಂದು ನಾನು ಕೂಗಿದೆ.

ಅವನು ಹಿಂತಿರುಗಿ ಬಂದು ಟಿಕೆಟನ್ನು ನನ್ನ ಮುಂದಿಟ್ಟ. "ಎತ್ತಿಟ್ಟಿರಿ ಸ್ವಾಮಿ. ಮುಂದಿನ ವಾರ ಮತ್ತೆ ಬೇಕಾಗುತ್ತೆ."

ಪರಸ್ಥಾನ

ಕೊನೆಗೆ ನನ್ನ ವರ್ಗದ ಆರ್ಡರು ಬಂತು. ಆಚೆಯ ಗುಮಾಸ್ತ ಸೋಮವಾರ ಬಂದು ನನ್ನಿಂದ ಚಾರ್ಜು ತೆಗೆದುಕೊಳ್ಳಬೇಕು, ನಾನು ಅವನ ಜಾಗಕ್ಕೆ ಹೋಗಬೇಕು. ಹೆಂಡತಿ ಆ ದಿನ ಸಾರಿಗೆ ಯಾರ ಮುಖವನ್ನೂ ನೋಡದೆ ಉಪ್ಪು ಹಾಕಿದಳು.

ಅಮ್ಮ ಪುರೋಹಿತರನ್ನು ಕೇಳಿದರು. ಸೋಮವಾರ ಹೊರಡಲು ದಿನ ಚೆನ್ನಾಗಿಲ್ಲ, ಅದಕ್ಕೆ ಮುಂಚಿನ ಗುರುವಾರ ಬೆಳಗ್ಗೆ ಒಂಬತ್ತು ಗಂಟೆ ಬಹಳ ಒಳ್ಳೆಯದು ಎಂದರು. ನಮ್ಮಲ್ಲಿ ಅದಕ್ಕೊಂದು ಉಪಾಯ ಉಂಟು, ಪರಸ್ಥಾನ ಇಡುವುದು. ಅಕ್ಕಿ, ಅರಿಶಿನದ ಕೊಂಬು, ಒಂದು ರವಿಕೆ ಕಣ ಗಂಟು ಕಟ್ಟಿ ಒಳ್ಳೆಯ ಗಳಿಗೆಯಲ್ಲಿ ಬೇರೆ ಮನೆಯಲ್ಲಿ ಇಟ್ಟುಬಿಟ್ಟರೆ ನಾವು ಹೊರಟ ಹಾಗೆ. ಆಮೇಲೆ ಯಾವತ್ತು ಹೋದರೂ ದೋಷವಿಲ್ಲ. ಗಂಟನ್ನು ಮಾತ್ರ ವಾಪಸ್ ಮನೆಗೆ ತರಬಾರದು.

ಗುರುವಾರ ಒಂಬತ್ತಕ್ಕೆ ಅಮ್ಮ ಗಂಟನ್ನು ಎದುರುಮನೆಯಲ್ಲಿ ಇಟ್ಟು ಹಿಂತಿರುಗಿದರೆ, ನಮ್ಮ ಬಾಗಿಲಲ್ಲಿ ಒಂದು ಗಾಡಿ. ಒಬ್ಬ ಹೆಂಗಸು, ಅವಳ ಅತ್ತೆ, ಮೂರು ಮಕ್ಕಳು. ಅತ್ತೆಯ ಕೈಯಲ್ಲಿ ಹಾಲಿನ ಪಾತ್ರೆ. ನನ್ನ ಜಾಗಕ್ಕೆ ಬರುವ ಗುಮಾಸ್ತನ ಸಂಸಾರ ಅದು. ಮಾಲೀಕರು ನಮ್ಮ ಮನೆಯನ್ನು ಅವರಿಗೆ ಕೊಟ್ಟಿದ್ದರು.

"ಇದೇನು ಸ್ವಾಮಿ, ನಾವು ಹೋಗೋದು ಸೋಮವಾರ" ಎಂದೆ.

"ಗುರುವಾರ ಒಂಬತ್ತಕ್ಕೆ ಹೊರಡೋಕೂ ಒಳ್ಳೇದು, ಒಳಗೆ ಬರೋಕೂ ಒಳ್ಳೇದು ಅಂದ್ರು ಪುರೋಹಿತರು. ನಿಮ್ಮ ಪರಸ್ಥಾನ ಆಯ್ತಲ್ಲ?" ಎಂದರು ಮಾಲೀಕರು.

"ಆಯ್ತು. ಆದರೆ ನಾವಿಲ್ಲೇ ಇದೀವಲ್ಲ."

"ಶಾಸ್ತ್ರದ ಪ್ರಕಾರ ನೀವಿಲ್ಲ" ಎಂದು ಹೇಳಿ ಅವರು ಒಳಗೆ ಹೋದರು. ನಮ್ಮ ಕಣ್ಣ ಮುಂದೆಯೇ ಅದೇ ಒಲೆಯ ಮೇಲೆ ಬಂದವರ ಹಾಲು ಉಕ್ಕಿತು. ಮಾಲೀಕರ ತಾಯಿ ಮಣೆಯ ಮೇಲೆ ಕೂತು, ಹಾಲು ಯಾವ ಕಡೆ ಉಕ್ಕಬೇಕೆಂದು ಅದಕ್ಕೂ ಹೇಳಿಕೊಟ್ಟರು.

ಒಂದೂವರೆ ಕೋಣೆಯಲ್ಲಿ ಹತ್ತು ಜನ ಆದೆವು. ಹೆಂಗಸರು ಮಾತಿಗೆ ಕೂತರು. "ಇಲ್ಲಿ ಬೆಲೆ ತಡೆಯೋಕಾಗಲ್ಲ, ನಿಮ್ಮ ಕಡೆ ಸೋವಿಯಂತಲ್ಲಮ್ಮಾ" ಎಂದರು ಅಮ್ಮ. ಬಂದ ಹೆಂಗಸು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಅಯ್ಯೋ, ಅಲ್ಲಿ ಬೆಂಕಿ ಬೆಲೆ. ಮೈಸೂರು ಸೀಮೇಲಿ ಎಲ್ಲಾ ಸೋವಿ ಅಂತ ಕೇಳಿ ನಾವು ಇಲ್ಲಿಗೆ ಬಂದ್ವಿ."

ಆಮೇಲೆ ನನ್ನ ಹೆಂಡತಿ ಕೇಳಿದಳು. "ಅಲ್ಲಿ ಅಡುಗೆಮನೆಗೆ ಬಾಗಿಲಿದ್ಯಾ?"

"ಬಾಗಿಲಿದೆ, ಚಿಲಕಾನೂ ಇದೆ. ಮುಚ್ಚಿದ್ರೆ ಒಲೆ ಹೊಗೆ, ತೆಗೆದ್ರೆ ಇಂಜಿನ್ ಹೊಗೆ."

ಹೆಂಡತಿ ಎರಡು ದಿನ ಸುಮ್ಮನೇ ಇದ್ದಳು. ಪಾಪ, ಅವಳ ಆಸೆ ಮಣ್ಣಾಯಿತು ಎಂದು ನನಗೆ ನಿಜವಾಗಿ ಸಂಕಟವಾಯಿತು. ಅಷ್ಟು ಜನರನ್ನು ನೋಡಿದ ಅನುಭವಿ ನಾನು, ಉಳಿಯುವವರ ಮುಖ ನನಗೆ ತಿಳಿಯದೆ? ಭಾನುವಾರ ಸಂಜೆ, ವರ್ಗ ಬೇಡವೆಂದು ಮೇಲಿನವರಿಗೆ ಒಂದು ಕಾಗದ ಬರೆದೆ. "ನಾಳೆ ನಿಮ್ಮ ಯಜಮಾನರನ್ನ ವಾಪಸ್ ಕಳಿಸ್ತೀನಿ, ಮನೆ ವಿಷಯ ಆಮೇಲೆ ನೋಡೋಣ" ಎಂದು ಬಂದ ಹೆಂಗಸಿಗೂ ಹೇಳಿಬಿಟ್ಟೆ. ರಾಹುಕಾಲದಲ್ಲಿ ಕಾಗದ ಹೊರಗೆ ಹೋಗಬಾರದೆಂದು ಅಮ್ಮ ಅದನ್ನು ದೇವರ ಮುಂದೆ ಇಟ್ಟರು. ಹೆಂಡತಿ "ಓಹೋ" ಎಂದಳು, ಅಷ್ಟೆ.

ಸೋಮವಾರ ಗಡಿಯ ಕಡೆ ಹೋಗುವ ರೈಲಿಗೆ ಕಿಟಕಿಯಲ್ಲಿ ಸಾಲು ಉದ್ದವಿತ್ತು. ತಲೆ ಎತ್ತದೆ ಟಿಕೆಟ್ ಕೊಡುತ್ತಿದ್ದೆ. "ಎರಡು ಫುಲ್ಲು, ಎರಡು ಹಾಫು" ಎಂದಿತು ಒಂದು ದನಿ. ತಲೆ ಎತ್ತಿದೆ. ನನ್ನ ಹೆಂಡತಿ. ಹಿಂದೆ ಟ್ರಂಕಿನ ಮೇಲೆ ಮಕ್ಕಳು, ಪಕ್ಕದಲ್ಲಿ ಎದುರುಮನೆಯಿಂದ ತಂದ ಗಂಟು ಹಿಡಿದ ಅಮ್ಮ. ಸರಳಿನ ಕೆಳಗಿಂದ ದುಡ್ಡಿನ ಜೊತೆ ನಾನು ಬರೆದ ಕಾಗದವೂ ಬಂತು.

"ಇದನ್ನ ಒಲೆಗೆ ಹಾಕೋಣ ಅಂತಿದ್ದೆ. ಆದರೆ ಮನೇಲಿರೋ ಒಲೆ ನಂದಲ್ಲವಲ್ಲ" ಎಂದಳು.

"ಕ್ವಾರ್ಟರ್ಸಲ್ಲಿ ಹೊಗೆಯಂತಲ್ಲೇ."

"ಎರಡು ಹೆಂಚು ತೆಗೆದ್ರೆ ಹೊಗೆ ಹೋಗುತ್ತೆ."

"ಮತ್ತೆ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆಯಲ್ಲ?"

"ಯಾವ ಕಡೆ ಹೆಂಚು ತೆಗೀಬೇಕು ಅಂತ ಯೋಚನೆ ಮಾಡ್ತಿದ್ದೆ."

ಇನ್ನು ನನ್ನ ಅನುಭವಕ್ಕೆ ಉಳಿದದ್ದು ಒಂದೇ ಪ್ರಶ್ನೆ. "ನನ್ನ ಟಿಕೆಟ್ಟು?"

"ಅದು ನಿಮ್ಮಿಷ್ಟ. ರೈಲಿಗೆ ಇನ್ನೂ ಹತ್ತು ನಿಮಿಷ ಇದೆ."

ಸಾಲಿನಲ್ಲಿ ಹಿಂದಿದ್ದ ಕಪಿಲೆಯ ರೈತ ಕತ್ತು ಚಾಚಿದ. "ಏನಾದ್ರೂ ಒಂದು ಬೇಗ ಹೇಳಿ ಸ್ವಾಮಿ. ನೀವು ಉಳಿದ್ರೂ ಉಳೀದಿದ್ರೂ ನಾನಂತೂ ಹೋಗ್ಬೇಕು."

ಹೊಸ ಗುಮಾಸ್ತ ನನ್ನ ಬೆನ್ನ ಹಿಂದೆ ಚಾರ್ಜಿಗೆ ಕಾದು ನಿಂತಿದ್ದ. ನಾನು ಕಾಗದ ಹರಿದು, ಮೂರನೆಯ ಫುಲ್ ಟಿಕೆಟ್ಟಿಗೂ ತಾರೀಖು ಒತ್ತಿದೆ. ಹೆಂಡತಿ ಟಿಕೆಟ್ಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈ ಮುಂದೆ ಚಾಚಿಯೇ ನಿಂತಳು.

"ಚಿಲ್ಲರೆ ಸರಿಯಾಗಿ ಕೊಡಿ. ನಾವು ಹೋಗ್ತಿರೋ ಕಡೆ ಎಲ್ಲಾ ಬೆಂಕಿ ಬೆಲೆಯಂತೆ."