ನಾಗ ಬಾಯಿ ತೆರೆದ ದಿನ

ನಮ್ಮ ಮನೆಯಲ್ಲಿ ಮೀನು ಬೇಯುವುದು ನಿಂತುಹೋದದ್ದು ಒಂದು ಹಾವಿನ ದೆಸೆಯಿಂದ. ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಈ ತಾರಾನಾಥನಿಗೆ ಬಂಗುಡೆಯಿಲ್ಲದ ಊಟವೆಂದರೆ ಮಕ್ಕಳಿಲ್ಲದ ತರಗತಿ. ಕುಳಿತುಕೊಳ್ಳಬಹುದು, ಉತ್ಸಾಹವಿರುವುದಿಲ್ಲ.

ಹಾವು ನನ್ನ ಹೆಂಡತಿ ಶಶಿಪ್ರಭಾಳ ಅಣ್ಣನ ಮಗ ತುಷಾರನದು. ಬೈಕಂಪಾಡಿಯಲ್ಲಿ ಟೈಲ್ಸ್ ಗೋದಾಮು ಇಟ್ಟಿರುವ ಈ ಮಹಾನುಭಾವ, ಸರಕಾರಿ ಕಾಗದಪತ್ರಗಳನ್ನೆಲ್ಲ ಮಾಡಿಸಿ, ಆಫ್ರಿಕದ ತಳಿಯ ವಿಷವಿಲ್ಲದ ಸಣ್ಣ ಹೆಬ್ಬಾವೊಂದನ್ನು ಸಾಕಿದ್ದ. (ಸಾಕಿದ್ದ ಎಂಬುದು ಅವನ ಮಾತು. ಕುತ್ತಿಗೆಗೆ ಸುತ್ತಿಕೊಂಡು ಫೋಟೊ ತೆಗೆಸಿದ್ದ ಎಂಬುದು ಸತ್ಯ.) ಲೈಕುಗಳು ಕಡಿಮೆಯಾದೊಡನೆ ದೊಡ್ಡ ಬೈಕು ಕೊಂಡ. ಹಾವು ಗೋದಾಮಿನ ಮೂಲೆಯಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಉಳಿಯಿತು.

ಬಚ್ಚಲಿಗೆ ಟೈಲ್ಸ್ ನೋಡಲು ಹೋದ ನಾನು ಅದನ್ನು ಕಂಡೆ. ಬೆನ್ನೆಲುಬು ಎದ್ದು ಕಾಣುತ್ತಿತ್ತು. ಹಳೆಯ ಪೊರೆ ಪೂರ್ತಿ ಕಳಚದೆ ಮೈಗೆ ಚೂರುಚೂರಾಗಿ ಅಂಟಿಕೊಂಡಿತ್ತು. ನೀರಿನ ತಟ್ಟೆಯಲ್ಲಿ ನೀರಿನ ಬದಲು ಸತ್ತ ಸೊಳ್ಳೆಗಳು.

"ಇದಕ್ಕೆ ಊಟ ಕೊಟ್ಟದ್ದು ಯಾವಾಗ ಮಾರಾಯ?"

"ಅದು ತಿಂಗಳುಗಟ್ಟಲೆ ತಿನ್ನದೆ ಇರ್ತದೆ ಮಾವ. ಲೋ ಮೈಂಟೆನೆನ್ಸ್."

"ನಿನಗೂ ತಿಂಗಳುಗಟ್ಟಲೆ ಕೊಡದೆ ನೋಡುವ. ನೀನೂ ಲೋ ಮೈಂಟೆನೆನ್ಸ್ ಆಗ್ತಿ!"

ಟೈಲ್ಸ್ ಬಿಟ್ಟು ಹಾವಿನ ಡಬ್ಬಿ ಹಿಡಿದು ರಿಕ್ಷಾ ಹತ್ತಿದೆ. (ಡಬ್ಬಿಯಲ್ಲಿ ಏನಿದೆಯೆಂದು ರಿಕ್ಷಾದವನು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆಯಬಾರದೆಂದು ನಾನೇ ಕಲಿಸಿದ್ದೇನೆ.)

ಹೆಂಡತಿ ಕಿರುಚುತ್ತಾಳೆಂದು ನಾನು ಸಿದ್ಧನಾಗಿದ್ದೆ. ಅವಳು ಕಾಲಿನ ಚಪ್ಪಲಿ ಕಳಚಿ ಕೈಮುಗಿದಳು.

"ಷಷ್ಠಿ ಹಬ್ಬ ಕಳೆದು ಐದು ದಿನ ಆಗಲಿಲ್ಲ, ನಾಗ ತಾನಾಗಿಯೇ ಬಂದ!"

"ತಾನಾಗಿ ಅಲ್ಲ ಶಶೀ, ರಿಕ್ಷಾದಲ್ಲಿ. ಮತ್ತೆ ಇದು ನಾಗ ಅಲ್ಲ, ಆಫ್ರಿಕದ ಹೆಬ್ಬಾವು."

"ಆಫ್ರಿಕದವರಿಗೆ ನಾಗ ಬೇಡವಾ? ನಾಗ ಇರುವ ಮನೆಯಲ್ಲಿ ಇನ್ನು ಮೀನು-ಮಾಂಸದ ವಾಸನೆ ಬರ್ಲಿಕ್ಕಿಲ್ಲ!"

ಅಂದೇ ಸಂಜೆ ಫ್ರೀಜರಿನಲ್ಲಿದ್ದ ಆರು ಬಂಗುಡೆಗಳು ಪಕ್ಕದ ಮನೆಯ ಶಹನಾಝ್‌ಳ ಅಡುಗೆಮನೆಗೆ ಬೀಳ್ಕೊಡುಗೆ ಪಡೆದವು. ಸ್ವಲ್ಪ ಹೊತ್ತಿನಲ್ಲಿ ಗೋಡೆಯಾಚೆಯಿಂದ ಪರಿಮಳ ಬಂತು. ಆ ನೋವನ್ನು ವರ್ಣಿಸಲಾರೆ.

ಪಶುವೈದ್ಯ ಡಾಕ್ಟರ್ ಇರ್ವಿನ್ ಬಂದು ನೋಡಿದರು. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ, ಡಬ್ಬಿಯ ಒಂದು ಬದಿಗೆ ಬಿಸಿ ಕೊಡುವ ಬಲ್ಬು, ಅಡಗಿಕೊಳ್ಳಲು ಒಂದು ಮಡಕೆ. ಊಟಕ್ಕೆ ಇಲಿ. ಇಲಿಗಳನ್ನು ಅವರೇ ಐಸ್‌ಕ್ರೀಮ್ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಕೊಟ್ಟರು.

"ಎರಡು ವಾರದೊಳಗೆ ಬಾಯಿ ತೆರೆಯದಿದ್ದರೆ ಕಷ್ಟ ಸರ್. ಉಳಿಯುವುದು ಸಂಶಯ."

ಇಲಿಗಳು ನನ್ನ ಬಂಗುಡೆಗಳ ಜಾಗವನ್ನು ಅಲಂಕರಿಸಿದವು.

"ಇದು ಮಾಂಸ ಅಲ್ವಾ?" ಎಂದು ಕೇಳಿದೆ.

"ಅದು ನಾಗನ ಆಹಾರ. ನಿಮ್ಮದು ನಾಲಗೆಯ ಚಪಲ."

ಸುದ್ದಿ ಹಬ್ಬಿ ದರ್ಶನಾರ್ಥಿಗಳು ಬರತೊಡಗಿದರು. ಹಾಲು ತಂದವರು ಹನ್ನೊಂದು ಮಂದಿ. ಮಗಳಿಗೆ ಗಂಡು ಯಾವಾಗ ಸಿಗ್ತದೆಂದು ಹಾವಿನ ಹತ್ತಿರ ವಿಚಾರಿಸಿದವರು ನಾಲ್ವರು. ಡಬ್ಬಿಯೊಳಗಿನ ಹೇಸಿಗೆಯ ಪೇಪರ್ ಬದಲಾಯಿಸುತ್ತೇನೆಂದವರು ಯಾರೂ ಇಲ್ಲ. ಆ ಪುಣ್ಯಕಾರ್ಯ ಸಂಪೂರ್ಣವಾಗಿ ನನ್ನ ಪಾಲಿಗೆ.

ದಿನಾ ಬೆಳಿಗ್ಗೆ ಟಬ್ಬಿನಲ್ಲಿ ಅರ್ಧ ಗಂಟೆ ಅದಕ್ಕೆ ಅಭ್ಯಂಜನ. ಒದ್ದೆ ಟವೆಲಿನೊಳಗೆ ಅದು ಹರಿದಾಡುವಾಗ ಪೊರೆ ಲಕೋಟೆಯ ಅಂಚೆಚೀಟಿಯಂತೆ ಬಿಟ್ಟುಬರುತ್ತಿತ್ತು. ಕೆಳಗೆ ಹೊಸ ಚಿನ್ನದ ಬಣ್ಣ. ನನ್ನ ಮಣಿಕಟ್ಟಿಗೆ ಸುತ್ತಿ ಬೆಚ್ಚಗೆ ಮಲಗುವುದನ್ನೂ ಕಲಿಯಿತು. ಆದರೆ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದು ಎಷ್ಟು ಕುಣಿಸಿದರೂ ಅದು ಮುಖ ತಿರುಗಿಸುತ್ತಿತ್ತು. ಹದಿಮೂರನೆಯ ದಿನಕ್ಕೆ ನಮ್ಮಿಬ್ಬರ ಪಕ್ಕೆಲುಬುಗಳನ್ನೂ ಎಣಿಸಬಹುದಿತ್ತು.

ಅಂದು ಹಳೆಯ ಸಹೋದ್ಯೋಗಿ, ಡ್ರಿಲ್ ಮಾಸ್ಟ್ರು ಸಿದ್ದೀಕರ ಫೋನು ಬಂತು. "ಬೆಂಗ್ರೆಗೆ ಬನ್ನಿ ಮಾಸ್ಟ್ರೇ, ಮನೆಯಲ್ಲಿ ಹೆಂಡತಿ ಮೈಮೂನಾ ಕೋಳಿ ಮಾಡಿದ್ದಾಳೆ."

ಲೈಬ್ರರಿಗೆ ಹೋಗ್ತೇನೆಂದು ಹೇಳಿ ದೋಣಿ ಹತ್ತಿದೆ. ಹೊಳೆಯ ಆಚೆಗೆ ಮಾಡಿದ ಪಾಪ ಈಚೆಗೆ ದಾಟುವುದಿಲ್ಲವೆಂದು ಆಗ ನಂಬಿದ್ದೆ. ಅಕ್ಕಿರೊಟ್ಟಿಯ ಜೊತೆ ಎಷ್ಟು ತುಂಡು ತಿಂದೆನೆಂಬುದು ಇಲ್ಲಿ ಅಪ್ರಸ್ತುತ. ಸಾಬೂನು ಹಚ್ಚಿ ಮೂರು ಸಲ ಕೈ ತೊಳೆದೆ, ಲಿಂಬೆಹುಳಿ ಉಜ್ಜಿದೆ, ಏಲಕ್ಕಿ ಜಗಿದೆ.

ಮನೆಗೆ ಬಂದವನೇ ಪಾಪಪ್ರಜ್ಞೆಯಿಂದ ಹಾವಿನ ನೀರು ಬದಲಾಯಿಸಲು ಕೈ ಹಾಕಿದೆ. ಅದು ತಲೆ ಎತ್ತಿತು. ನಾಲಗೆ ಎರಡು ಸಲ ಹೊರಗೆ ಬಂತು. ಮರುಕ್ಷಣ ನನ್ನ ತೋರುಬೆರಳು ಅದರ ಬಾಯಿಯೊಳಗಿತ್ತು!

"ಅಯ್ಯೋ! ಶಶೀ!"

ಓಡಿಬಂದ ಹೆಂಡತಿ ನೋಡಿದಳು. "ದೇವರೇ! ಬಾಯಿ ತೆರೆಯಿತು!"

"ನನ್ನ ಬೆರಳು!"

"ಬೆರಳು ಇರಲಿ, ಅಲ್ಲಾಡ್ಬೇಡಿ. ಅದಕ್ಕೆ ತೊಂದರೆ ಆದೀತು." ಅವಳು ಡಾಕ್ಟರಿಗೆ ವಿಡಿಯೊ ಕಾಲ್ ಮಾಡಿದಳು.

"ವೆರಿ ಗುಡ್ ಸರ್!" ಇರ್ವಿನ್ ಅಲ್ಲಿಂದಲೇ ಸಂಭ್ರಮಿಸಿದರು. "ಎಳೆಯಬೇಡಿ. ತಣ್ಣೀರು ಹಾಕಿ, ಬಿಡ್ತದೆ. ಬಿಟ್ಟ ಕೂಡಲೇ ಇಲಿ ಕೊಡಿ. ಕೈಯಲ್ಲಿ ಮಾಂಸದ ವಾಸನೆ ಇರ್ಬೇಕು, ಅದಕ್ಕೇ ಹಸಿವು ಕೆರಳಿದೆ. ಕೋಳಿ ತಿಂದಿದ್ದೀರಾ?"

ನಾನು ಬೆರಳಿನ ಮೇಲೆ ತಣ್ಣೀರು ಹೊಯ್ದುಕೊಂಡೆ. ಹಾವು ಬೆರಳು ಬಿಟ್ಟಿತು. ಶಶಿಪ್ರಭಾ ಬೆಚ್ಚಗೆ ಮಾಡಿ ತಂದ ಇಲಿಯನ್ನು ಇಕ್ಕಳದಲ್ಲಿ ಹಿಡಿದೆ. ಹಾವು ಕಚ್ಚಿತು, ಸುತ್ತಿತು, ನಿಧಾನವಾಗಿ ನುಂಗಿತು. ನನ್ನ ಕಣ್ಣಲ್ಲಿ ನೀರು. ಅರ್ಧ ನೋವಿನದು, ಅರ್ಧ ನಿಜವಾದದ್ದು.

"ಲೈಬ್ರರಿಯಲ್ಲಿ ಈಗ ಕೋಳಿಯೂ ಉಂಟಾ?" ಹೆಂಡತಿ ಶಾಂತವಾಗಿ ಕೇಳಿದಳು.

"ಅದರಿಂದಲೇ ಅಲ್ವಾ ಹಾವು ಉಳಿದದ್ದು!"

"ಹೌದು. ಅದಕ್ಕೇ ನಾನು ಬಯ್ಯುವುದಿಲ್ಲ. ಮತ್ತೆ ನನ್ನ ಹರಕೆಯೂ ಫಲಿಸಿತು."

"ಎಂತ ಹರಕೆ?"

"ನಾಗ ಬಾಯಿ ತೆರೆದರೆ ನನ್ನ ಗಂಡ ಮುಂದಿನ ವರ್ಷದ ಷಷ್ಠಿಯವರೆಗೆ ಮೀನು-ಮಾಂಸ ಮುಟ್ಟುವುದಿಲ್ಲ ಅಂತ."

"ನನ್ನ ಹೆಸರಿನಲ್ಲಿ ಯಾಕೆ?"

"ಮನೆಯ ಯಜಮಾನರು ನೀವಲ್ವಾ?" (ಮದುವೆಯಾದ ಮೇಲೆ ಮೊದಲ ಬಾರಿಗೆ ಈ ಪದವಿ ದೊರೆಯಿತು.)

ಮರುದಿನ ಅವಳು ಜೋಯಿಸರನ್ನು ಕೇಳಿದಳು. ಹೆಬ್ಬಾವಿಗೆ ನಾಗನ ಮಡಿಯಿಲ್ಲ, ಮನೆಯಲ್ಲಿ ಮೀನು ಬೇಯಿಸಬಹುದು. ಹೇಳಿಕೊಂಡ ಹರಕೆ ಮಾತ್ರ ತಪ್ಪಿಸಬಾರದು ಎಂದರಂತೆ.

ಈಗ ಹಾವು ದಪ್ಪಗಾಗಿದೆ. ಫೋಟೊಗೆಂದು ವಾಪಸು ಕೇಳಿದ ತುಷಾರನನ್ನು ಶಶಿಪ್ರಭಾ ಫೋನಿನಲ್ಲೇ ಓಡಿಸಿದಳು. ಅದಕ್ಕೆ ವಾರಕ್ಕೊಂದು ಇಲಿ, ಅವಳಿಗೆ ದಿನಾ ಬಂಗುಡೆ ಪುಳಿಮುಂಚಿ, ನನಗೆ ಸೌತೆಕಾಯಿ ಹುಳಿ. ಊಟವಾದ ಮೇಲೆ ಅದರ ಬಳಿ ಹೋಗಿ ಬೆರಳು ಚಾಚುತ್ತೇನೆ. ಅದು ನಾಲಗೆ ಚಾಚಿ ಒಮ್ಮೆ ಮೂಸುತ್ತದೆ, ಸೌತೆಕಾಯಿಯೆಂದು ತಿಳಿದು ಮಡಕೆಯೊಳಗೆ ಹೋಗಿಬಿಡುತ್ತದೆ.