ಆರು ದೇಶಕ್ಕೊಂದೇ ಲೇಬಲ್

ಅಡ್ಡಿ ಆತಂಕಗಳೆಲ್ಲ ದೂರವಾಗಲಿ ಎಂದು ದೇವರಲ್ಲಿ ಬೇಡಿಕೊಳ್ಳದವರು ಯಾರಾದರೂ ಇದ್ದಾರೆಯೇ? ನಾನಿದ್ದೇನೆ. ನಮ್ಮ ಮನೆಯ ಅನ್ನ ಬೇಯುವುದೇ ಅಡ್ಡಿಗಳಿಂದ. ಹಾಗೆಂದು ನನ್ನನ್ನು ಟೋಲ್ ಗೇಟಿನಲ್ಲಿ ಕೂರುವವನೆಂದು ತಿಳಿಯಬೇಡಿ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನ ಮೂಲೆಯಲ್ಲಿ, ಎಸಿಯ ಗಾಳಿ ನೇರವಾಗಿ ನೆತ್ತಿಗೇ ಬೀಳುವ ಜಾಗದಲ್ಲಿ ನನ್ನ ಮೇಜಿದೆ. ಹುದ್ದೆಯ ಹೆಸರು ರೆಗ್ಯುಲೇಟರಿ ಮ್ಯಾನೇಜರ್. ನಮ್ಮೂರು ಕುಂದಾಪುರಕ್ಕೆ ಹೋದಾಗ ಯಾರಾದರೂ ಎಂತ ಕೆಲಸ ಎಂದು ಕೇಳಿದರೆ ಇಷ್ಟನ್ನೇ ಗಂಭೀರವಾಗಿ ಹೇಳುತ್ತೇನೆ. ಎದುರಿದ್ದವರು ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಮಾಡುವುದಿಲ್ಲ. ಕೇಳಿದ್ದರೆ ನಿಜ ಹೇಳಬೇಕಾಗುತ್ತಿತ್ತು: ಉಪ್ಪಿನಕಾಯಿ ಬಾಟಲಿಗೆ ಯಾವ ದೇಶಕ್ಕೆ ಯಾವ ಚೀಟಿ ಅಂಟಿಸಬೇಕೆಂದು ಹೇಳುವವನು ನಾನು. ಅಂಟಿಸುವುದಕ್ಕೆ ಬೇರೆ ಜನ ಇದ್ದಾರೆ.

ನಮ್ಮ ಯಜಮಾನರು ಮೊಹಿದ್ದೀನ್ ಸಾಹೇಬರು, ಭಟ್ಕಳದ ನವಾಯತರು. ಊರ ಕಡೆಯ ಉಪ್ಪಿನಕಾಯಿ, ಹಪ್ಪಳ, ಕುಚ್ಚಲಕ್ಕಿ ತರಿಸಿ ಗಲ್ಫಿನ ಆರೂ ದೇಶಗಳಲ್ಲಿ ಮಾರುವುದು ಅವರ ವ್ಯಾಪಾರ. ಆರು ದೇಶದವರೂ ಮಾತಾಡುವುದು ಒಂದೇ ಭಾಷೆ, ತಿನ್ನುವುದು ಅದೇ ಖರ್ಜೂರ, ಮಾರುಕಟ್ಟೆಯೂ ಒಂದೇ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಲೇಬಲ್ ವಿಷಯಕ್ಕೆ ಬಂದರೆ ಊರಿಗೊಂದು ದಾರಿ. ಒಬ್ಬರಿಗೆ ಎಕ್ಸ್‌ಪೈರಿ ದಿನಾಂಕ ಮೇಲಿರಬೇಕು, ಇನ್ನೊಬ್ಬರಿಗೆ ಕೆಳಗಿರಬೇಕು, ಮತ್ತೊಬ್ಬರಿಗೆ ಎಣ್ಣೆಯ ಹೆಸರು ಮಾವಿನ ಹೆಸರಿಗಿಂತ ಚಿಕ್ಕದಾಗಬಾರದು. ಒಂದು ಕಡೆ ಮಾರಾಟವಾಗದ ಬಾಟಲಿಯನ್ನು ಇನ್ನೊಂದು ಕಡೆಗೆ ಕಳಿಸಬೇಕಾದರೆ ಚೀಟಿಯ ಮೇಲೆ ಚೀಟಿ. ಹೀಗೆ ಮೂರು ದೇಶ ಸುತ್ತಿ ಬಂದ ಒಂದು ಬಾಟಲಿಯೊಳಗೆ ಮಾವೋ ನಿಂಬೆಯೋ ಎಂದು ತಿಳಿಯಲು ಮುಚ್ಚಳವನ್ನೇ ತೆರೆಯಬೇಕಾಯಿತು. ಗಡಿ ದಾಟಿದ ಕೂಡಲೇ ಉಪ್ಪಿನಕಾಯಿಯ ಉಪ್ಪು ಬದಲಾಗುತ್ತದೆಯೇ ಎಂದು ಸಾಹೇಬರು ಕೂಗಾಡುತ್ತಿದ್ದರು. ನಾನು ಅನ್ಯಾಯ, ಶುದ್ಧ ಅನ್ಯಾಯ ಎಂದು ತಲೆಯಾಡಿಸಿ, ನನ್ನ ಮೇಜಿಗೆ ಬಂದು, ಮುಂದಿನ ಚೀಟಿಯನ್ನು ಪ್ರೀತಿಯಿಂದ ಬರೆಯುತ್ತಿದ್ದೆ.

ಹೀಗೆ ಸುಖವಾಗಿದ್ದಾಗ ಸುದ್ದಿ ಬಂತು. ಇನ್ನು ಮುಂದೆ ಒಂದು ಕಡೆ ಪಾಸಾದ ಲೇಬಲ್ ಆರೂ ಕಡೆ ಪಾಸು. ಸಾಹೇಬರು ಅಂದು ಗೋದಾಮಿಗೆಲ್ಲ ಕುನಾಫ ಎಂಬ ಅರಬ್ಬಿ ಸಿಹಿ ಹಂಚಿದರು. ನಾನೂ ಎರಡು ತುಂಡು ತಿಂದು, ಮನೆಗೆ ಬಂದು ಹೆಂಡತಿ ಶಾಲಿನಿಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತ, ಒಳ್ಳೆಯದೇ ಆಯಿತಲ್ಲ ಮಾರಾಯ್ರೇ, ನಿಮ್ಮ ತಲೆನೋವು ಹೋಯಿತು ಎಂದಳು. ಆಗಲೇ ನನಗೆ ಹೊಳೆದದ್ದು. ತಲೆನೋವೇ ಇಲ್ಲವೆಂದ ಮೇಲೆ ಈ ತಲೆ ಯಾಕೆ ಎಂದು ಸಾಹೇಬರು ಕೇಳಿದರೆ? ಇಲ್ಲಿ ಕೆಲಸ ಹೋದರೆ ಬರೀ ಕೆಲಸ ಹೋಗುವುದಿಲ್ಲ. ವೀಸಾ ಹೋಗುತ್ತದೆ, ವೀಸಾದ ಬಾಲ ಹಿಡಿದು ಫ್ಲ್ಯಾಟ್ ಹೋಗುತ್ತದೆ, ಫ್ಲ್ಯಾಟಿನ ಹಿಂದೆ ಮಗಳ ಸ್ಕೂಲು. ನಮ್ಮ ಅನನ್ಯ ಹತ್ತನೆಯ ತರಗತಿಯಲ್ಲಿದ್ದಾಳೆ, ಬೋರ್ಡ್ ಪರೀಕ್ಷೆಯ ವರ್ಷ. ಅವಳು ಪರೀಕ್ಷೆ ಬರೆದು ಮುಗಿಸುವವರೆಗೆ ಆರು ದೇಶಗಳು ಸ್ವಲ್ಪ ಜಗಳವಾಡಿಕೊಂಡೇ ಇರಬಾರದಿತ್ತೇ ಎಂದು ನನಗೆ ನಿಜವಾಗಿ ಸಂಕಟವಾಯಿತು.

ಗಾಯದ ಮೇಲೆ ಬರೆ ಎಂಬಂತೆ, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಹೋಟೆಲಿನಲ್ಲಿ ಆರೂ ದೇಶಗಳ ವ್ಯಾಪಾರಿಗಳ ಸಭೆ ಕರೆದರು. ಅಡ್ಡಿ ನಿವಾರಣೆಯಿಂದಾಗುವ ಲಾಭಗಳ ಬಗ್ಗೆ ಮಾತಾಡಲು ಸಾಹೇಬರು ಆರಿಸಿದ್ದು ನನ್ನನ್ನು. ಜೊತೆಗೆ ಒಂದು ಮಾದರಿ ಲೇಬಲ್ ಬರೆದು ಬಂದವರಿಗೆಲ್ಲ ಹಂಚಬೇಕಂತೆ, ನಮ್ಮ ಕಂಪನಿಗೆ ಹೆಸರು ಬರುತ್ತದಂತೆ. ನೇಣುಹಗ್ಗವನ್ನು ನೀನೇ ಹೊಸೆದುಕೊಂಡು ಬಾ ಎಂದ ಹಾಗಾಯಿತು. ಬೇಕೆಂದೇ ಕೆಟ್ಟದಾಗಿ ಮಾತಾಡೋಣವೆಂದುಕೊಂಡೆ. ಆದರೆ ನನಗೊಂದು ರೋಗವಿದೆ. ಮೈಕ್ ಕೈಗೆ ಬಂದರೆ ನಾನು ನನ್ನವನಲ್ಲ. ಮದುವೆಗೆ ಮುಂಚೆ ದುಬೈಯ ಕರಾಮಾದಲ್ಲಿ ನಾಲ್ವರು ಬ್ಯಾಚುಲರುಗಳು ಒಂದೇ ಕೋಣೆಯಲ್ಲಿದ್ದ ಕಥೆ ಹೇಳಿದೆ. ಫ್ರಿಜ್ಜಿನಲ್ಲಿ ನಾಲ್ಕು ಹಾಲಿನ ಡಬ್ಬ, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರಿನ ಚೀಟಿ. ಇನ್ನೊಬ್ಬನ ಹಾಲು ಮುಟ್ಟಿದರೆ ಮಹಾಯುದ್ಧ, ಕೊನೆಗೆ ನಾಲ್ಕೂ ಹುಳಿ. ಒಂದು ದಿನ ಚೀಟಿ ಕಿತ್ತು ಒಂದೇ ದೊಡ್ಡ ಡಬ್ಬ ತಂದೆವು, ಅಂದಿನಿಂದ ಎಲ್ಲರಿಗೂ ಚಹಾ ಸಿಕ್ಕಿತು ಎಂದೆ. ಆ ದೊಡ್ಡ ಡಬ್ಬ ತರುವ ಸರದಿ ಯಾರದೆಂಬ ಜಗಳದಲ್ಲಿ ನಾನು ಕೋಣೆಯನ್ನೇ ಬಿಟ್ಟದ್ದನ್ನು ಹೇಳಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ನನ್ನ ಮಾದರಿ ಲೇಬಲನ್ನು ಜನ ಮದುವೆ ಮನೆಯ ತಾಂಬೂಲದಂತೆ ಮಡಚಿ ಜೇಬಿಗಿಟ್ಟುಕೊಂಡು ಬಿರಿಯಾನಿಗೆ ಎದ್ದರು.

ಆಮೇಲೆ ನಮ್ಮ ಎಲ್ಲ ಬಾಟಲಿಗಳಿಗೂ ಅದೇ ಲೇಬಲ್ ಬಂತು. ಚೀಟಿ ಅಂಟಿಸುವವರನ್ನು ಹಪ್ಪಳದ ವಿಭಾಗಕ್ಕೆ ಕಳಿಸಿದರು. ನನ್ನನ್ನು ಎಲ್ಲಿಗೂ ಕಳಿಸಲಿಲ್ಲ, ಕೆಲಸವನ್ನೂ ಕೊಡಲಿಲ್ಲ. ಕೆಲಸವಿಲ್ಲದೆ ಕೆಲಸದವನಂತೆ ಕಾಣುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಸಾಹೇಬರು ಬಂದಾಗಲೆಲ್ಲ ಫೋನೆತ್ತಿ, ಯಾರೂ ಇಲ್ಲದ ಆ ಕಡೆಗೆ ಹೌದು, ಹೌದು, ನೋಡೋಣ ಎನ್ನುತ್ತಿದ್ದೆ. ಇದೇ ಕಾಲದಲ್ಲಿ ಒಂದು ಶುಕ್ರವಾರ ಶಾಲಿನಿ ಸೂಪರ್ ಮಾರ್ಕೆಟಿನಿಂದ ಹೊಸ ಉಪ್ಪಿನಕಾಯಿ ತಂದಳು. ಮಸ್ಕತ್ತಿನ ಯಾವುದೋ ವ್ಯಾಪಾರಿಯದು, ನಮ್ಮದಕ್ಕಿಂತ ಅಗ್ಗ. ನಾಲಿಗೆಗಿಟ್ಟುಕೊಂಡೆ. ಸುಳ್ಳು ಯಾಕೆ ಹೇಳಲಿ, ನಮ್ಮದಕ್ಕಿಂತ ರುಚಿಯೂ ಹೌದು. ಅಭ್ಯಾಸಬಲದಿಂದ ಬಾಟಲಿ ತಿರುಗಿಸಿ ಲೇಬಲ್ ಓದಿದೆ. ಒಂದು ಕೊಂಕಿಲ್ಲ, ಊನವಿಲ್ಲ. ಇಷ್ಟು ಅಚ್ಚುಕಟ್ಟಾಗಿ ಬರೆದ ಪುಣ್ಯಾತ್ಮ ಯಾರಪ್ಪ ಎಂದು ಮೆಚ್ಚುತ್ತ ಮೂರನೆಯ ಸಾಲಿಗೆ ಬಂದಾಗ ಗೊತ್ತಾಯಿತು, ಆ ಪುಣ್ಯಾತ್ಮ ನಾನೇ. ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಹಮ್ದಾನ್ ಸ್ಟ್ರೀಟಿನಲ್ಲಿ ಹಂಚಿದ್ದೇ. ಅನ್ನ ಕಲಸುವುದನ್ನು ಬಿಟ್ಟು ಕೂತ ನನ್ನನ್ನು ನೋಡಿ ಅನನ್ಯ, "ಪಪ್ಪಾ, ಇಟ್ಸ್ ಜಸ್ಟ್ ಪಿಕಲ್" ಎಂದಳು. ಅವಳ ಪರೀಕ್ಷೆಯ ಭವಿಷ್ಯವೇ ಆ ಬಾಟಲಿಯಲ್ಲಿದೆ ಎಂದು ಆ ಮಗುವಿಗೆ ಹೇಗೆ ಹೇಳಲಿ?

ಮರುವಾರ ಸಾಹೇಬರು ಕ್ಯಾಬಿನ್ನಿಗೆ ಕರೆದರು. ಮೇಜಿನ ಮೇಲೆ ಅದೇ ಬಾಟಲಿ. ನಮ್ಮ ಸರಕು ಹೊರಗೆ ಹೋಗಲಿ ಎಂದು ತೆರೆಸಿದ ಬಾಗಿಲಿನಿಂದ ಬೇರೆಯವರ ಸರಕು ಒಳಗೂ ಬರಬಹುದು ಎಂಬುದು ಅವರಿಗೆ ಹೊಳೆದಿರಲಿಲ್ಲ. ಭಾಷಣದಲ್ಲಿ ನಾನೂ ಹೇಳಿರಲಿಲ್ಲ. ಇಷ್ಟು ವರ್ಷ ಗಡಿಗಳನ್ನು ಬೈದ ಬಾಯಿಂದಲೇ, ಹೀಗೆ ಯಾರು ಬೇಕಾದರೂ ನುಗ್ಗುವುದಾದರೆ ಸರಕಾರಗಳು ಇರುವುದು ಯಾಕೆ ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿದರು.

"ನೋಡಿ ಪ್ರಭಾಕರ್, ನಿಮ್ಮ ಟೇಬಲ್ ಇನ್ನು ಬೇಕಾ ಅಂತ ನಾನು ಯೋಚನೆ ಮಾಡ್ತಾ ಇದ್ದದ್ದು ಹೌದು. ಈ ಲೇಬಲಲ್ಲಿ ಎಂತಾದ್ರೂ ತಪ್ಪು ಹುಡುಕಿ ಕೊಡಿ. ಸೂಪರ್ ಮಾರ್ಕೆಟಿನವರಿಗೆ ತೋರಿಸಿ ಶೆಲ್ಫಿಂದ ಇಳಿಸ್ತೇನೆ. ಸಿಕ್ಕಿದ್ರೆ ನೀವು ಇಲ್ಲೇ. ಸಿಗದಿದ್ರೆ ಖಲಾಸ್."

ಸಾಹೇಬರು ಉಪ್ಪಿನಕಾಯಿಯ ರುಚಿ ನೋಡುವವರೇ ಹೊರತು ಲೇಬಲ್ ಓದುವವರಲ್ಲ. ಅದು ನನ್ನದೆಂದು, ನಮ್ಮ ಬಾಟಲಿಯ ಮೇಲಿರುವುದೂ ಅದೇ ಎಂದು ಅವರಿಗೆ ಗೊತ್ತಿಲ್ಲ. ತಪ್ಪಿಲ್ಲವೆಂದು ನಿಜ ಹೇಳಿದರೆ ಮನೆಗೆ ಹೋಗಬೇಕು. ತಪ್ಪಿದೆಯೆಂದರೆ ನನ್ನ ಜೀವಮಾನದ ಒಂದೇ ಒಂದು ನಿರ್ದುಷ್ಟ ಕೃತಿಯನ್ನು ನಾನೇ ಕೊಲ್ಲಬೇಕು. ಅನನ್ಯಳ ಮುಖ ಕಣ್ಣಮುಂದೆ ಬಂತು. ಕನ್ನಡಕ ಒರೆಸಿಕೊಂಡು ಬಾಟಲಿ ಎತ್ತಿಕೊಂಡೆ. ಎಕ್ಸ್‌ಪೈರಿ ದಿನಾಂಕ ಬಾಟಲಿಯ ತಿರುವಿನಲ್ಲಿದೆ, ಕುತ್ತಿಗೆ ನೋವಿನವರು ಓದುವುದು ಹೇಗೆ ಎಂದೆ. ಸಾಸಿವೆ ಎಂಬ ಪದ ದಪ್ಪಕ್ಷರದಲ್ಲಿಲ್ಲ, ಸಾಸಿವೆ ಆಗದವನು ಕನ್ನಡಕ ಮರೆತು ಬಂದರೆ ಅವನ ಗತಿಯೇನು ಎಂದೆ. ಹೇಳುತ್ತ ಹೇಳುತ್ತ ನನಗೇ ರೋಷ ಉಕ್ಕಿತು. ಅರಬ್ಬಿ ಅಕ್ಷರ ಎಷ್ಟು ಸಣಕಲು, ಬರೆದವನಿಗೆ ಮನುಷ್ಯತ್ವವೇ ಇದ್ದಂತಿಲ್ಲ ಎಂದುಬಿಟ್ಟೆ.

ಸಾಹೇಬರ ಮುಖ ಅರಳಿತು. ಕುರ್ಚಿಗೆ ಒರಗಿ, ಬಾಟಲಿಯನ್ನು ಕನಿಕರದಿಂದ ನೋಡಿದರು.

"ಇಂಥವನನ್ನೂ ಸಂಬಳ ಕೊಟ್ಟು ಸಾಕ್ತಾರಲ್ಲ ಮಾರಾಯ್ರೇ. ಯಾವ ಮೂರ್ಖನೋ ಏನೋ."

"ಹಾಗನ್ನಬೇಡಿ ಸಾಹೇಬ್ರೇ, ಪಾಪ, ಒಳ್ಳೆಯ ಮನುಷ್ಯರಂತೆ" ಎಂದೆ. ಅವರು ಏನಾದರೂ ಕೇಳುವ ಮೊದಲೇ ಅಲ್ಲಿಂದ ಎದ್ದು ಬಂದು, ಹಪ್ಪಳ ವಿಭಾಗದವರನ್ನು ವಾಪಸು ಕರೆಸಿ, ನಮ್ಮ ಬಾಟಲಿಗಳಲ್ಲಿದ್ದ ಅವೇ ತಪ್ಪುಗಳ ಮೇಲೆ ಸಂಜೆಯೊಳಗೆ ಅಂಟಿಸಬೇಕಾದ ಹೊಸ ಚೀಟಿ ಬರೆಯಲು ಕೂತೆ.